ಕುಟುಂಬದ ಕ್ಯಾಬಿನ್ ಕ್ರೂಸರ್: ಸುರಕ್ಷತೆ ಮತ್ತು ಪಾಲನೆಯ ಶಾಸ್ತ್ರ ಬೆಳೆದು ಬಂದ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕೋಸ್ಟ್ ಗಾರ್ಡ್ ಪ್ರತಿವರ್ಷವೂ ಪ್ರಕಟಿಸುವ ವಿಹಾರದೋಣಿಗಳ ಅಪಘಾತವರದಿಯಲ್ಲಿ ಕಾರಣಗಳ ಒಂದು ಪಟ್ಟಿಯಿರುತ್ತದೆ. ಚಾಲಕನ ಅಲಕ್ಷ್ಯ, ಸುತ್ತಲಿನ ನೀರನ್ನು ಸರಿಯಾಗಿ ಗಮನಿಸದಿರುವುದು, ಅನುಭವದ ಕೊರತೆ, ಅತಿವೇಗ, ಯಂತ್ರವೈಫಲ್ಯ ಎಂಬ ಐದು ಈಚಿನ ವರ್ಷಗಳಲ್ಲಿ ಅದರ ಶಿರೋಭಾಗದಲ್ಲಿ ನಿಂತಿವೆ. ಈ ಐದರಲ್ಲಿ ನಾಲ್ಕು ಮನುಷ್ಯನ ದೋಷಗಳು, ಒಂದು ಮಾತ್ರವೇ ದೋಣಿಯದು ಎಂದು ಎಣಿಸಿ, ಆದುದರಿಂದ ಚಾಲಕನಿಗೆ ಕೆಲವು ದಿನಗಳ ಶಿಕ್ಷಣವನ್ನೂ ಅವನ ಕಣ್ಣೆದುರಿಗೆ ಒಂದೆರಡು ಬೆಳಗುವ ಪರದೆಗಳನ್ನೂ ಒದಗಿಸಿದರೆ ಕುಟುಂಬವು ನೀರಿನ ಮೇಲೆ ಕ್ಷೇಮವಾಗಿರುವುದೆಂದೂ, ಎಂಜಿನ್ ಕೋಣೆಯ ಹೋಸುಗಳೂ ಕ್ಲ್ಯಾಂಪುಗಳೂ ಮರುಮಾರಾಟದ ಬೆಲೆಗೆ ಸಂಬಂಧಪಟ್ಟ ವಿಷಯವೇ ಹೊರತು ಪ್ರಾಣಕ್ಕೆ ಸಂಬಂಧಪಟ್ಟುದಲ್ಲವೆಂದೂ ಬರೆಯುವವರು ಈಗ ಹೆಚ್ಚಾಗಿದ್ದಾರೆ. ಚೆಸಪೀಕ್ ಕೊಲ್ಲಿಯ ಧಕ್ಕೆಗಳಲ್ಲಿ ಹಳೆಯ ದೋಣಿಗಳನ್ನು ಪರೀಕ್ಷಿಸುವ ಸರ್ವೇಯರನ ವೃತ್ತಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ಈ ವಾದವು ನಮ್ಮ ಶಾಸ್ತ್ರದ ಚರಿತ್ರೆಯನ್ನು ಮರೆತುದರ ಫಲವೆಂದೇ ತೋರುತ್ತದೆ. ತುಕ್ಕು ಹಿಡಿದ ಕ್ಲ್ಯಾಂಪೊಂದು ಸಡಿಲವಾಗಿ, ಎಂಜಿನ್ ನಿಂತು, ಗಾಳಿಗೆ ಸಿಕ್ಕಿದ ದೋಣಿ ಬಂಡೆಗೆ ತಾಗಿದಾಗ ಅದನ್ನು ಚಾಲಕನ ಅನುಭವಹೀನತೆಯೆಂದು ದಾಖಲಿಸುವುದು ಸುಲಭ; ಕ್ಲ್ಯಾಂಪಿನ ಕಥೆ ಆ ದಾಖಲೆಯಲ್ಲಿ ಉಳಿಯುವುದಿಲ್ಲ.

ಕ್ಯಾಬಿನ್ ಕ್ರೂಸರ್ ಎಂದರೆ ಸಾಮಾನ್ಯವಾಗಿ ಇಪ್ಪತ್ತೈದರಿಂದ ನಲವತ್ತೈದು ಅಡಿ ಉದ್ದದ, ಎಂಜಿನ್ನಿನಿಂದ ನಡೆಯುವ, ಮಲಗಲು ಹಾಸಿಗೆ, ಅಡುಗೆಗೆ ಒಲೆ, ಶೌಚಕ್ಕೆ ಕೋಣೆ ಇವನ್ನೆಲ್ಲ ಒಳಗೊಂಡ ದೋಣಿ. ಗೃಹಸ್ಥನು ನೆಲದ ಮೇಲೆ ಪ್ರತ್ಯೇಕ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಬೆಂಕಿ, ಇಂಧನ, ವಿದ್ಯುತ್ತು, ನೀರು, ನಿದ್ರೆ ಇವೆಲ್ಲವೂ ಇಲ್ಲಿ ಕೈಯಳತೆಯೊಳಗೆ ಒಂದನ್ನೊಂದು ಒತ್ತಿಕೊಂಡಿರುತ್ತವೆ. ಈ ಸಾಮೀಪ್ಯವೇ ನಮ್ಮ ಶಾಸ್ತ್ರದ ಮೂಲಪ್ರಶ್ನೆ.

ಆರಂಭಕಾಲವನ್ನು ಸಂಕ್ಷೇಪವಾಗಿಯೇ ಹೇಳಬಹುದು. ಉಗಿದೋಣಿಯನ್ನು ನಡೆಸಲು ಪರವಾನಗಿ ಪಡೆದ ಎಂಜಿನಿಯರನಿರಬೇಕೆಂಬ ನಿರ್ಬಂಧವನ್ನು ತಪ್ಪಿಸಿಕೊಳ್ಳಲು 1880ರ ದಶಕದಲ್ಲಿ ನೀರಿಗೆ ಬದಲಾಗಿ ನಾಫ್ತಾವನ್ನೇ ಕುದಿಸಿ ನಡೆಸುವ ದೋಣಿಗಳು ಅಮೆರಿಕದಲ್ಲಿ ಬಂದವು. 1893ರ ಶಿಕಾಗೋ ವಿಶ್ವಪ್ರದರ್ಶನದಲ್ಲಿ ಎಲ್ಕೋ ಕಂಪನಿಯ ವಿದ್ಯುದ್ದೋಣಿಗಳು ಜನರನ್ನು ಹೊತ್ತು ತಿರುಗಿದವು. ಹೊಸ ಶತಮಾನದಲ್ಲಿ ಪೆಟ್ರೋಲ್ ಎಂಜಿನ್ ಎರಡನ್ನೂ ಹಿಂದಿಕ್ಕಿತು. 1910ರ ಮೋಟಾರ್ ದೋಣಿ ಕಾಯಿದೆ ದೀಪ, ಸೀಟಿ, ಪ್ರಾಣರಕ್ಷಕ ಕವಚ, ಬೆಂಕಿಯಾರಿಸುವ ಸಾಧನ ಇಷ್ಟನ್ನು ವಿಧಿಸಿ ಸುಮ್ಮನಾಯಿತು. ಬಾಸ್ಟನ್ನಿನ ಹವ್ಯಾಸಿಗಳ ಪ್ರಯತ್ನದಿಂದ 1914ರಲ್ಲಿ ರೂಪುಗೊಂಡ ಯುನೈಟೆಡ್ ಸ್ಟೇಟ್ಸ್ ಪವರ್ ಸ್ಕ್ವಾಡ್ರನ್ಸ್ ದೋಣಿ ನಡೆಸುವ ವಿದ್ಯೆಯನ್ನು ಗೃಹಸ್ಥರಿಗೆ ಕಲಿಸತೊಡಗಿತು. 'ಮೋಟಾರ್ ಬೋಟಿಂಗ್' ಪತ್ರಿಕೆಯ ಸಂಪಾದಕ ಚಾರ್ಲ್ಸ್ ಚಾಪ್‌ಮನ್ 1917ರಲ್ಲಿ ರಚಿಸಿದ ಕೈಪಿಡಿ ಪರಿಷ್ಕಾರದ ಮೇಲೆ ಪರಿಷ್ಕಾರ ಹೊಂದುತ್ತ ಇಂದಿಗೂ ದೋಣಿಕಾರರ ಕಪಾಟಿನಲ್ಲಿದೆ. ಅದು ಮಹತ್ತ್ವದ ಗ್ರಂಥವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಜೀವ ಇರುವುದು ನೌಕಾಚಾಲನೆಯಲ್ಲಿ, ಎಂಜಿನ್ ಕೋಣೆಯಲ್ಲಲ್ಲ.

ನಿಜವಾದ ತಿರುವು ಬಂದುದು 1940ರ ಏಪ್ರಿಲ್‌ನ ಕಾಯಿದೆಯಿಂದ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ರಸ್ತೆಯ ವಾಹನದಲ್ಲಿ ಸೋರಿದ ಆವಿ ನೆಲಕ್ಕಿಳಿದು ಚದರಿಹೋದರೆ, ದೋಣಿಯಲ್ಲಿ ಅದು ಬಿಲ್ಜ್ ಎಂದು ಕರೆಯುವ ತಳದ ಕುಳಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ ಒಂದೂವರೆಯ ಆಸುಪಾಸಿಗೆ ಬಂದರೆ ಸಾಕು, ಒಂದು ಕಿಡಿಗೆ ಇಡೀ ದೋಣಿ ಸಿಡಿಯಬಲ್ಲುದು. ಎಂಜಿನ್ ಹಿಮ್ಮುಖವಾಗಿ ಉಗುಳುವ ಜ್ವಾಲೆಯನ್ನು ತಡೆಯುವ ಜಾಲರಿ ಕಾರ್ಬ್ಯುರೇಟರಿನ ಮೇಲೆ ಇರಬೇಕು, ಬಿಲ್ಜಿಗೆ ಗಾಳಿಯಾಡುವ ಮಾರ್ಗಗಳಿರಬೇಕು ಎಂದು ಆ ಕಾಯಿದೆ ವಿಧಿಸಿತು. ಇಲ್ಲಿ ಮೊದಲಬಾರಿಗೆ ಶಾಸನವು, ಅಪಾಯ ಸಂಭವಿಸಿದ ಮೇಲೆ ಹಿಡಿದುಕೊಳ್ಳುವ ಉಪಕರಣಗಳನ್ನು ದಾಟಿ, ಅಪಾಯ ಹುಟ್ಟುವ ಸ್ಥಾನಕ್ಕೆ ಕೈಹಾಕಿತು. ಜಾಲರಿ ತುಕ್ಕು ಹಿಡಿದರೆ, ಗಾಳಿಯ ಕೊಳವೆ ಹರಿದರೆ ಕಾಯಿದೆ ನಿಷ್ಫಲ. ಆದುದರಿಂದ ಪಾಲನೆಯೂ ಸುರಕ್ಷತೆಯೂ ಎರಡಲ್ಲವೆಂಬ ತತ್ತ್ವ ಆಗಲೇ ಅಂಗೀಕೃತವಾಯಿತೆಂದು ನಾನು ಭಾವಿಸುತ್ತೇನೆ.

ಯುದ್ಧಾನಂತರ ಕ್ರಿಸ್-ಕ್ರಾಫ್ಟ್ ಮೊದಲಾದ ಕಂಪನಿಗಳು ಮಧ್ಯಮವರ್ಗದ ಕುಟುಂಬಗಳ ಕೈಗೆಟುಕುವ ಕ್ರೂಸರುಗಳನ್ನು ಕಟ್ಟಿದವು. 1954ರಲ್ಲಿ ಎಬಿವೈಸಿ ಎಂದು ಪ್ರಸಿದ್ಧವಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಸ್ಥಾಪನೆಯಾಗಿ, ಇಂಧನ, ವಿದ್ಯುತ್ತು, ಗಾಳಿಯಾಟ ಇವುಗಳಿಗೆ ಸ್ವಯಂಪ್ರೇರಿತ ಮಾನದಂಡಗಳನ್ನು ರಚಿಸತೊಡಗಿತು. ಅಷ್ಟರಲ್ಲೇ ಎಲ್ಲವನ್ನೂ ಬದಲಿಸಿದ ಇನ್ನೊಂದು ಸಂಗತಿ ನಡೆಯಿತು: 1960ರಲ್ಲಿ ನಾರ್ತ್ ಕ್ಯಾರೊಲಿನದಲ್ಲಿ ಹ್ಯಾಟರಸ್ ಕಂಪನಿಯ ನಲವತ್ತೊಂದು ಅಡಿಯ ಫೈಬರ್ ಗ್ಲಾಸ್ ದೋಣಿ ನೀರಿಗಿಳಿಯಿತು, ಒಂದು ದಶಕದೊಳಗೆ ಮರ ಹಿಂದೆ ಸರಿಯಿತು. ಈ ಪರಿವರ್ತನೆಯನ್ನು ನಮ್ಮ ಲೇಖಕರು ಬರಿಯ ಪ್ರಗತಿಯೆಂದೇ ವರ್ಣಿಸುತ್ತ ಬಂದಿದ್ದಾರೆ. ಮರದ ದೋಣಿಯನ್ನು ವರ್ಷಕ್ಕೊಮ್ಮೆ ದಡಕ್ಕೆಳೆದು ಕೆರೆದು, ಹಲಗೆಯ ಸಂದುಗಳನ್ನು ತುಂಬಿ, ಬಣ್ಣ ಬಳಿಯಲೇಬೇಕಾಗಿತ್ತು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವ ದಿನ ಗೃಹಿಣಿಗೆ ಪ್ರತಿಯೊಂದು ಪಾತ್ರೆಯ ಬಿರುಕೂ ಪರಿಚಯವಾಗುತ್ತಿದ್ದಂತೆ, ಆ ವಾರ್ಷಿಕ ಶ್ರಮದಲ್ಲಿ ಯಜಮಾನನಿಗೆ ತನ್ನ ದೋಣಿಯ ಒಂದೊಂದು ಸ್ಕ್ರೂ, ಒಂದೊಂದು ಕೊಳವೆ ಕಣ್ಣಿಗೆ ಬೀಳುತ್ತಿತ್ತು. ಫೈಬರ್ ಗ್ಲಾಸ್ ಆ ಶ್ರಮವನ್ನು ನೀಗಿಸಿದುದರ ಜೊತೆಗೆ ಆ ಪರಿಚಯವನ್ನೂ ನೀಗಿಸಿತು. ಅಲ್ಲದೆ ಈ ಒಡಲು ಬೇಗ ನಶಿಸುವುದಿಲ್ಲ. ಅದರೊಳಗಿನ ರಬ್ಬರು, ತಾಮ್ರದ ತಂತಿ, ಹಿತ್ತಾಳೆಯ ಕೊಳಾಯಿ ನಶಿಸುತ್ತವೆ. ನಲವತ್ತು ವರ್ಷದ ದೃಢವಾದ ಒಡಲಿನಲ್ಲಿ ನಲವತ್ತು ವರ್ಷದ ಹೋಸು ಇರುವ ವಿಚಿತ್ರ ಸನ್ನಿವೇಶ ಮರದ ಯುಗದಲ್ಲಿ ಅಪರೂಪವಾಗಿತ್ತು, ಏಕೆಂದರೆ ಅಂಥ ದೋಣಿಯ ಒಡಲೇ ಅಷ್ಟರಲ್ಲಿ ಗತಿಸಿರುತ್ತಿತ್ತು.

1971ರ ಫೆಡರಲ್ ದೋಣಿ ಸುರಕ್ಷತಾ ಕಾಯಿದೆ ನಿರ್ಮಾಪಕರ ಮೇಲೆ ನೇರವಾಗಿ ಮಾನದಂಡಗಳನ್ನು ಹೇರುವ ಅಧಿಕಾರವನ್ನು ಕೊಟ್ಟಿತು. 1973ರಲ್ಲಿ ವಿಹಾರದೋಣಿಗಳ ಅಪಘಾತಗಳಲ್ಲಿ ಸತ್ತವರು 1,754 ಮಂದಿ. ಐವತ್ತು ವರ್ಷಗಳ ಅನಂತರ, 2023ರಲ್ಲಿ, ಆ ಸಂಖ್ಯೆ 564. ಈ ಇಳಿತದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಕಾನೂನಿನದೆಂದು ಒಪ್ಪದಿರುವುದು ಕೃತಘ್ನತೆಯಾದೀತು. ಎಂಜಿನ್ ಚಾಲೂ ಮಾಡುವ ಮುನ್ನ ಒಳಗಿನ ಗಾಳಿಯನ್ನು ಹೊರದೂಡುವ ಬ್ಲೋಯರನ್ನು ಕನಿಷ್ಠ ನಾಲ್ಕು ನಿಮಿಷ ನಡೆಸಿ, ಬಿಲ್ಜಿನಲ್ಲಿ ಪೆಟ್ರೋಲಿನ ಆವಿಯುಂಟೇ ಎಂದು ಪರೀಕ್ಷಿಸತಕ್ಕದ್ದೆಂಬ ಎಚ್ಚರಿಕೆಯ ಫಲಕ ಚಾಲಕನ ಮುಂದೆ ಬಂದುದು ಆ ಕಾಯಿದೆಯಿಂದ ಹುಟ್ಟಿದ ನಿಯಮಗಳಿಂದಲೇ. ಜನರು ಫಲಕದ ಪೂರ್ವಾರ್ಧವನ್ನು ಪಾಲಿಸಿ ಉತ್ತರಾರ್ಧವನ್ನು ಮರೆಯುತ್ತಾರೆ. ಬ್ಲೋಯರು ಆವಿಯನ್ನು ಹೊರದೂಡಬಲ್ಲುದೇ ಹೊರತು ಸೋರುವ ದ್ರವವನ್ನಲ್ಲ. ಬಾಗಿಲು ತೆರೆದು ತಲೆಯನ್ನು ತಗ್ಗಿಸಿ ಮೂಸಿ ನೋಡುವ ಮೂಗಿಗೆ ಸಮನಾದ ಉಪಕರಣ ಇಂದಿಗೂ ಬಂದಿಲ್ಲ.

ನಮ್ಮ ಪೀಳಿಗೆ ಕೆಲಸಕ್ಕೆ ತೊಡಗಿದುದು ಈ ಘಟ್ಟದಲ್ಲಿ. 1980ರ ದಶಕದಲ್ಲಿ ಎಲ್ಲರ ಬಾಯಲ್ಲೂ ಇದ್ದುದು ಫೈಬರ್ ಗ್ಲಾಸಿನ ತಳದಲ್ಲಿ ಏಳುವ ಬೊಬ್ಬೆಗಳು. ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಅವುಗಳ ಕಾರಣವನ್ನು ಶ್ರಮಪಟ್ಟು ಶೋಧಿಸಿದರು. ಕೊಳ್ಳುವವರು ಬೊಬ್ಬೆಗಳನ್ನು ಎಣಿಸಿ ಬೆಲೆ ತಗ್ಗಿಸಿದರು. ಬೊಬ್ಬೆಗಳಿಂದ ದೋಣಿ ಮುಳುಗುವುದು ತೀರ ಅಪೂರ್ವ. ದೋಣಿಯನ್ನು ಮುಳುಗಿಸುವುದು ನೀರಿನ ಮಟ್ಟಕ್ಕಿಂತ ಕೆಳಗಿನ ರಂಧ್ರಕ್ಕೆ ಸಿಕ್ಕಿಸಿದ ಹೋಸು. ಎರಡಡಿ ಆಳದಲ್ಲಿ ಒಂದೂವರೆ ಅಂಗುಲ ವ್ಯಾಸದ ಹೋಸು ಕಳಚಿದರೆ ನಿಮಿಷಕ್ಕೆ ನೂರಾರು ಲೀಟರು ನೀರು ಒಳನುಗ್ಗುತ್ತದೆ. ಸಾಮಾನ್ಯ ಬಿಲ್ಜ್ ಪಂಪಿನ ಮೇಲೆ ಮುದ್ರಿಸಿದ ಸಾಮರ್ಥ್ಯ ನೀರನ್ನು ಮೇಲೆತ್ತುವ ಹೊರೆಯಿಲ್ಲದೆ ಅಳೆದುದಾದ್ದರಿಂದ, ಡೆಕ್ಕಿನ ಎತ್ತರಕ್ಕೆ ನೀರೆತ್ತುವಾಗ ಅದರ ಬಹುಭಾಗ ಕುಗ್ಗಿಹೋಗಿರುತ್ತದೆ. ವಿಮೆಯ ಕಡತಗಳನ್ನು ಬಲ್ಲವರೆಲ್ಲರಿಗೂ ತಿಳಿದ ಸಂಗತಿಯೆಂದರೆ, ದೋಣಿಗಳು ಪ್ರಯಾಣದಲ್ಲಿ ಮುಳುಗುವುದಕ್ಕಿಂತ ಧಕ್ಕೆಗೆ ಕಟ್ಟಿದಲ್ಲಿಯೇ, ಯಾರೂ ಇಲ್ಲದ ವೇಳೆಯಲ್ಲಿ, ಮುಳುಗುವುದು ಹೆಚ್ಚು. ಅಲ್ಲಿ ಯಾವ ಚಾಲಕನ ಅಲಕ್ಷ್ಯವನ್ನು ದೂರೋಣ?

ಈ ದೃಷ್ಟಿಯನ್ನು ಸಾಮಾನ್ಯ ದೋಣಿಕಾರನಿಗೆ ತಲುಪಿಸಿದವರಲ್ಲಿ ಇಬ್ಬರನ್ನು ವಿಶೇಷವಾಗಿ ನೆನೆಯಬೇಕು. ನೈಜೆಲ್ ಕಾಲ್ಡರರ ಯಾಂತ್ರಿಕ ಮತ್ತು ವಿದ್ಯುತ್ ಕೈಪಿಡಿ 1990ರಲ್ಲಿಯೂ, ಡಾನ್ ಕೇಸಿಯವರ 'ದಿಸ್ ಓಲ್ಡ್ ಬೋಟ್' ಮರುವರ್ಷವೂ ಹೊರಬಂದವು. ಇಬ್ಬರೂ ಹಾಯಿದೋಣಿಯ ಸಂಪ್ರದಾಯದವರು. ಆದರೂ ಮೋಟಾರ್ ಕ್ರೂಸರಿನ ಯಜಮಾನರು ಎಂಜಿನ್ನಿನ ನೀರುಪಂಪಿನ ರಬ್ಬರ್ ಇಂಪೆಲರನ್ನು ಸವೆಯುವ ಮೊದಲೇ ಬದಲಿಸಲು, ಎಕ್ಸಾಸ್ಟಿನ ಬಾಗುಕೊಳವೆಯನ್ನು ಬಿಚ್ಚಿ ಒಳತುಕ್ಕನ್ನು ನೋಡಲು, ಸಮುದ್ರದ ನೀರಿಗೆ ಸತುವು ಸೋರಿ ಟೊಳ್ಳಾಗುವ ಹಿತ್ತಾಳೆಯ ಗೇಟ್ ವಾಲ್ವನ್ನು ತೆಗೆದು ತಳದ ರಂಧ್ರವನ್ನು ಮುಚ್ಚುವ ಕಂಚಿನ ಕೊಳಾಯಿಯಾದ ಸೀಕಾಕನ್ನು ಕೂಡಿಸಲು, ಪ್ರತಿಯೊಂದು ಸೀಕಾಕಿನ ಪಕ್ಕದಲ್ಲಿ ಅದರ ಅಳತೆಯ ಮರದ ಬೆಣೆಯೊಂದನ್ನು ಕಟ್ಟಿಡಲು ಕಲಿತುದು ಈ ಪಂಥದಿಂದಲೇ. ತನ್ನ ಕೈಯಿಂದ ಸೀಕಾಕನ್ನು ವರ್ಷಕ್ಕೆ ಹಲವು ಸಲ ತಿರುಗಿಸಿದವನು ಕತ್ತಲೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿಯೂ ಅದನ್ನು ಹುಡುಕಿ ಮುಚ್ಚಬಲ್ಲ. ಪಾಲನೆಯಿಂದ ಬರುವ ಈ ಜ್ಞಾನವನ್ನು ಯಾವ ಪರದೆಯೂ ಕೊಡಲಾರದು.

ಕಾರ್ಬನ್ ಮಾನಾಕ್ಸೈಡಿನ ಅಧ್ಯಾಯ ಎಲ್ಲಕ್ಕಿಂತ ದುಃಖಕರವಾದುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಆಸಕ್ತಿಯಿಂದ ರಕ್ತವನ್ನು ಹಿಡಿದುಕೊಳ್ಳುತ್ತದೆ. ಅದರ ಆರಂಭಲಕ್ಷಣಗಳಾದ ತಲೆನೋವು ವಾಕರಿಕೆಗಳನ್ನು ಕುಟುಂಬವು ಅಲೆಯ ತೊಯ್ದಾಟದ ಫಲವೆಂದು ತಿಳಿಯುತ್ತದೆ. 2000ದ ಆಗಸ್ಟಿನಲ್ಲಿ ಲೇಕ್ ಪವೆಲ್ ಜಲಾಶಯದಲ್ಲಿ ವಾಸದೋಣಿಯ ಹಿಂಭಾಗದಲ್ಲಿ ಈಜುತ್ತಿದ್ದ ಇಬ್ಬರು ಬಾಲಕರು, ಸಹೋದರರು, ಜನರೇಟರಿನ ಹೊಗೆ ಮಡುಗಟ್ಟಿದ ಸ್ಥಳದಲ್ಲಿ ಪ್ರಜ್ಞೆ ತಪ್ಪಿ ಮುಳುಗಿದ ಮೇಲೆ, ಸರ್ಕಾರಿ ಸಂಶೋಧಕರು ತೆರೆದ ಗಾಳಿಯಲ್ಲಿಯೂ ಈ ವಿಷ ಕೊಲ್ಲಬಲ್ಲುದೆಂಬುದನ್ನು ಅಳೆದು ತೋರಿಸಿದರು. 2013ರ ಏಪ್ರಿಲ್ 1ರಂದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 'ಅರ್ನಿಸ್ಟನ್' ಎಂಬ ಕ್ಯಾಬಿನ್ ಕ್ರೂಸರಿನಲ್ಲಿ ತಾಯಿಯೂ ಮಗಳೂ ತೀರಿಕೊಂಡರು; ಒಯ್ಯಬಲ್ಲ ಜನರೇಟರಿಗೆ ಮನೆಯಲ್ಲೇ ಜೋಡಿಸಿದ ಹೊಗೆಕೊಳವೆಯ ಕೀಲು ಬಿಟ್ಟಿತ್ತು, ಅನಿಲವನ್ನು ಸಾರಬೇಕಾಗಿದ್ದ ಅಲಾರಂ ವಿದ್ಯುತ್ ಸಂಪರ್ಕದಿಂದ ಕಡಿದುಹೋಗಿತ್ತು. ಉಪಕರಣ ಇದ್ದುದರಿಂದ ಸುರಕ್ಷತೆ ಇತ್ತೆನ್ನುವವರು ಈ ದುರಂತವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ವಿದ್ಯುತ್ತಿನ ವಿಷಯದಲ್ಲಿ ಅರಿವು ಇನ್ನೂ ತಡವಾಗಿ ಬಂದಿತು. 1999ರಲ್ಲಿ ಒರೆಗಾನಿನ ಒಂದು ಧಕ್ಕೆಯ ಬಳಿ, ಲೈಫ್ ಜಾಕೆಟ್ ತೊಟ್ಟು ಈಜುತ್ತಿದ್ದ ಎಂಟು ವರ್ಷದ ಬಾಲಕನು ದೋಣಿಯಿಂದ ನೀರಿಗೆ ಸೋರಿದ ವಿದ್ಯುತ್ತಿನಿಂದ ಪ್ರಾಣ ಬಿಟ್ಟನು. ಸಿಹಿನೀರಿಗಿಂತ ಮನುಷ್ಯನ ದೇಹ ಉತ್ತಮ ವಾಹಕವಾದ್ದರಿಂದ ಸೋರಿದ ಪ್ರವಾಹ ದೇಹದ ಮಾರ್ಗವನ್ನೇ ಹಿಡಿಯುತ್ತದೆ. ಮೂವತ್ತು ಮಿಲಿಆಂಪಿಯರ್ ಸೋರಿದೊಡನೆ ಕ್ಷಣಾರ್ಧಕ್ಕೂ ಮೊದಲೇ ಸಂಪರ್ಕ ಕಡಿಯುವ ಸಾಧನವನ್ನು ಎಬಿವೈಸಿ ತನ್ನ ಮಾನದಂಡಕ್ಕೆ ಸೇರಿಸಿದುದು 2010ರ ಸುಮಾರಿನಲ್ಲಿ, ಅದೂ ಹೊಸ ದೋಣಿಗಳಿಗೆ.

ನಮ್ಮ ಶಾಸ್ತ್ರದ ದೊಡ್ಡ ಬಿರುಕು ಕಾಣುವುದು ಇಲ್ಲಿಯೇ. ಬ್ರಿಟನ್ನಿನ ನದಿ ಕಾಲುವೆಗಳಲ್ಲಿ 1997ರಿಂದ ನಡೆದುಬಂದ ಬೋಟ್ ಸೇಫ್ಟಿ ಸ್ಕೀಮ್ ನಾಲ್ಕು ವರ್ಷಗಳಿಗೊಮ್ಮೆ ಬಳಕೆಯಲ್ಲಿರುವ ದೋಣಿಯ ಇಂಧನ, ಅನಿಲ, ವಿದ್ಯುತ್ ವ್ಯವಸ್ಥೆಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. 2019ರಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಮನ್ನೂ ಪರೀಕ್ಷೆಗೆ ಸೇರಿಸಿಕೊಂಡಿತು. ಅಮೆರಿಕದಲ್ಲಿ ಖಾಸಗಿ ಕ್ರೂಸರಿಗೆ ಅಂಥ ಕಡ್ಡಾಯದ ಆವರ್ತಪರೀಕ್ಷೆಯಿಲ್ಲ. ಸ್ವಯಂಸೇವಕರು ಸೌಜನ್ಯದಿಂದ ನಡೆಸುವ ತಪಾಸಣೆ ಬಹುಮಟ್ಟಿಗೆ ದೀಪ, ಜಾಕೆಟ್, ಅಗ್ನಿಶಾಮಕಗಳನ್ನು ನೋಡುತ್ತದೆ. ಸರ್ವೇಯರನು ಬರುವುದು ದೋಣಿ ಕೈಬದಲಾಗುವಾಗ ಅಥವಾ ವಿಮೆಯವರು ಕೇಳಿದಾಗ. ಮಾನದಂಡಗಳು ಬೆಲೆತೆತ್ತು ಕೊಳ್ಳಬೇಕಾದ, ತಂತ್ರಜ್ಞರ ಭಾಷೆಯ ಸಂಪುಟಗಳಲ್ಲಿ ಉಳಿದಿವೆ. ಲಿಥಿಯಂ ಬ್ಯಾಟರಿಗಳಿಗೆ 2022ರಲ್ಲಿ ಮಾನದಂಡ ಬಂದಿದ್ದರೂ, ಮೂರನೆಯ ನಾಲ್ಕನೆಯ ಯಜಮಾನನು ಹಳೆಯ ಆಲ್ಟರ್ನೇಟರಿಗೆ ಅವನ್ನು ತಾನೇ ಜೋಡಿಸಿ, ಅದು ತಾಳಲಾರದ ಹೊರೆಯಿಂದ ಕಾದು ಸುಡುವುದನ್ನು ತಡೆಯುವ ವ್ಯವಸ್ಥೆ ಅಮೆರಿಕದಲ್ಲಿ ಇಲ್ಲ.

ಇನ್ನೊಂದು ಅಂತರವನ್ನು ನಮ್ಮ ಪಂಥದವರೂ ತುಂಬಲಿಲ್ಲ. ಚಾಪ್‌ಮನ್ನರಿಂದ ಕಾಲ್ಡರರವರೆಗೆ ಎಲ್ಲ ಗ್ರಂಥಗಳೂ ಯಜಮಾನನನ್ನು ಉದ್ದೇಶಿಸಿ ಬರೆದುವು. ಅವನು ನೀರಿಗೆ ಬಿದ್ದರೆ ಅಥವಾ ಎದೆನೋವಿನಿಂದ ಕುಸಿದರೆ ಚುಕ್ಕಾಣಿಯ ಬಳಿ ಉಳಿಯುವ ಹೆಂಡತಿಗೆ, ಹದಿನಾಲ್ಕು ವರ್ಷದ ಮಗಳಿಗೆ, ಊರಿನಿಂದ ಬಂದ ಅತ್ತೆಮಾವಂದಿರಿಗೆ ಬರೆದ ಗ್ರಂಥ ವಿರಳ. ಈಚೆಗೆ ಕನ್ನಡಿಗ ಕುಟುಂಬಗಳಲ್ಲಿಯೂ ಇಂಥ ದೋಣಿ ಕೊಂಡವರಿದ್ದಾರೆ. ಅವರಲ್ಲಿ ನಾನು ಮೊದಲು ಕೇಳುವುದು, ಎಂಜಿನ್ ನಿಲ್ಲಿಸುವ ಬಗೆ, ಇಂಧನ ಮುಚ್ಚುವ ಕೊಳಾಯಿಯ ಸ್ಥಾನ, ರೇಡಿಯೋದ ಹದಿನಾರನೆಯ ಚಾನೆಲ್ಲಿನಲ್ಲಿ ನೆರವು ಕೇಳುವ ಕ್ರಮ ಇವು ಮನೆಯ ಎರಡನೆಯವರಿಗೆ ಗೊತ್ತೇ ಎಂದು. 2023ರಲ್ಲಿ ಮುಳುಗಿ ಸತ್ತವರಲ್ಲಿ ಶೇಕಡ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಹದಿಮೂರು ವರ್ಷಕ್ಕೆ ಕಿರಿಯ ಮಕ್ಕಳು ಚಲಿಸುವ ದೋಣಿಯಲ್ಲಿ ಅದನ್ನು ತೊಡಬೇಕೆಂಬ ಫೆಡರಲ್ ನಿಯಮವೂ ಮುಚ್ಚಿದ ಕ್ಯಾಬಿನ್ನಿನೊಳಗಿರುವವರನ್ನು ಹೊರತುಪಡಿಸುತ್ತದೆ. ಎಂಜಿನ್ ಕೋಣೆಯಲ್ಲಿ ಹೊಗೆಯೆದ್ದಾಗ ಆ ಮಕ್ಕಳು ಹೊರಗೆ ಓಡಿಬರುವುದು ಜಾಕೆಟ್ ಇಲ್ಲದೆ. ಜಾಕೆಟ್ಟುಗಳಿರುವುದಾದರೋ ಬಹುತೇಕ ದೋಣಿಗಳಲ್ಲಿ ಮುಂಭಾಗದ ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ, ಅವರು ಬಿಟ್ಟು ಬಂದ ಕೋಣೆಯೊಳಗೆ. ಅವನ್ನು ಹೊರಬಾಗಿಲ ಪಕ್ಕದಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಬೇಕೆಂಬ ಒಂದು ಸಾಲು ಯಾವ ಮಾನದಂಡದಲ್ಲಿಯಾದರೂ ಸೇರಬೇಕಾಗಿದೆ.