ಮುಖ ನೋಡಿ ಮಣೆ ಹಾಕಿದ ಕಥೆ

ಮುಖ ನೋಡಿ ಮಣೆ ಹಾಕಬಾರದೆಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರ ವಿಷಯದಲ್ಲಿ. ಆ ಮಾತು ನಾಯಿಗಳಿಗೂ ಅನ್ವಯಿಸುತ್ತದೆಂದು ನನಗೆ ಮನದಟ್ಟಾದದ್ದು ಕಳೆದ ವರ್ಷದ ಬೇಸಿಗೆಯಲ್ಲಿ. ದೆಹಲಿಯ ಸರ್ಕಾರಿ ವಸತಿಗೃಹದಲ್ಲಿರುವ ನಮ್ಮ ಕೆಳಮನೆಯವರು ಒಂದು ಪಗ್ ನಾಯಿಯನ್ನು ಸಾಕಿದ್ದರು. ಚಪ್ಪಟೆ ಮುಖ, ಗುಂಡು ಕಣ್ಣು, ಸುರುಳಿ ಬಾಲದ ಅದು ನಮ್ಮ ಬ್ಲಾಕಿನ ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಜೂನ್ ತಿಂಗಳ ಒಂದು ಸಂಜೆ, ಬಿಸಿಲು ಇಳಿಯಿತೆಂದು ಅದನ್ನು ಹೊರಗೆ ಕರೆದುಕೊಂಡು ಹೋದರು. ಬಿಸಿಲು ಇಳಿದಿತ್ತು, ನೆಲದ ಕಾವು ಇಳಿದಿರಲಿಲ್ಲ. ಹದಿನೈದು ನಿಮಿಷದಲ್ಲಿ ನಾಲಿಗೆ ನೀಲಿಗಟ್ಟಿ ಕುಸಿದುಬಿದ್ದ ಅದು, ವೈದ್ಯರಲ್ಲಿಗೆ ಆಟೋದಲ್ಲಿ ಒಯ್ಯುವಷ್ಟರಲ್ಲಿ ಪ್ರಾಣ ಬಿಟ್ಟಿತು.

ಇತ್ತ ನಮ್ಮ ಮಗಳಿಗೆ ನಾನೊಂದು ಮಾತು ಕೊಟ್ಟುಬಿಟ್ಟಿದ್ದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೆ ಪಗ್ ಮರಿ ತಂದುಕೊಡುವೆನೆಂದು. ಅಂಕ ಬಂತು. “ರೀ, ಮಾತು ಕೊಡುವಾಗ ಯೋಚಿಸಬೇಕಿತ್ತು” ಎಂದಳು ಮನೆಯಾಕೆ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ, ಇಪ್ಪತ್ತು ವರ್ಷಗಳಿಂದ ಕಡತಗಳ ಮೇಲೆ ಟಿಪ್ಪಣಿ ಬರೆಯುತ್ತಿರುವ ನನಗೆ, ಯಾವ ವಿಷಯವಾದರೂ ಹಿಂದಿನ ಕಾಗದಗಳನ್ನು ನೋಡದೆ ತೀರ್ಮಾನಿಸುವ ಅಭ್ಯಾಸವಿಲ್ಲ. ಪಗ್ ನಾಯಿಯ ಹಿಂದಿನ ಕಾಗದಗಳನ್ನು ತೆಗೆದು ನೋಡಿದಾಗ ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ನಾಯಿಗೆಂಥ ಇತಿಹಾಸ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ನಾಯಿಗೆ ಶಾಸನದಲ್ಲಿ ಸ್ಥಾನ ಕೊಟ್ಟ ನಾಡು ನಮ್ಮದು. ತಕ್ಕೋಲದ ಯುದ್ಧದ ಸಂದರ್ಭದ, ಸುಮಾರು ಕ್ರಿ.ಶ. 950ರ ಆತಕೂರು ಶಾಸನವನ್ನು ನೆನೆಯಿರಿ. ಗಂಗರ ಬೂತುಗನ ಕಡೆಯ ವೀರ ಮಣಲೇರನು, ಮೆಚ್ಚಿದೆ, ಬೇಡು ಎಂದ ದೊರೆಯಿಂದ ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಕಾಳಿಯನ್ನು ಆರಿಸಿಕೊಂಡದ್ದು ಅದರ ಕಸುವು ನೋಡಿ. ಪಗ್ ನಾಯಿಯ ಹಣೆಬರಹ ಬೇರೆ. ಅದನ್ನು ಮನುಷ್ಯ ಆರಿಸಿದ್ದು ಅದರ ಮುಖ ನೋಡಿ.

ಪಗ್‌ನ ತವರು ಚೀನಾ. ಅಲ್ಲಿನ ಅರಮನೆಗಳಲ್ಲಿ ಮೋಟು ಮೂತಿಯ ಪುಟ್ಟ ನಾಯಿಗಳನ್ನು ಶತಮಾನಗಳ ಕಾಲ ಮಡಿಲ ಕೂಸುಗಳಂತೆ ಸಾಕಿದರು. ಬೇಟೆ, ಕಾವಲು ಯಾವ ಕೆಲಸವೂ ಅವಕ್ಕಿರಲಿಲ್ಲ. ಹಣೆಯ ಮೇಲಿನ ಸುಕ್ಕುಗಳು ‘ಅರಸ’ ಎಂಬರ್ಥದ ಚೀನೀ ಅಕ್ಷರದಂತೆ, ಅಂದರೆ ಮೂರು ಅಡ್ಡಗೆರೆ ಹಾಗೂ ಒಂದು ಉದ್ದಗೆರೆಯಂತೆ ಮೂಡಿದ್ದರೆ ಅಂಥ ನಾಯಿಗೆ ವಿಶೇಷ ಮನ್ನಣೆಯಿತ್ತೆಂದು ಪ್ರತೀತಿ. ನಮ್ಮಲ್ಲಿ ದನ ಕೊಳ್ಳುವಾಗ ಸುಳಿ ನೋಡುತ್ತಾರಲ್ಲವೆ, ಹಾಗೆ. ಆದರೆ ನಮ್ಮ ರೈತ ಸುಳಿಯ ಜೊತೆಗೆ ಹಲ್ಲನ್ನೂ ಗೊರಸನ್ನೂ ನೋಡುತ್ತಾನೆ.

ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಪೂರ್ವ ದೇಶಗಳೊಡನೆ ವ್ಯಾಪಾರ ಬೆಳೆದಂತೆ ಈ ನಾಯಿಗಳು ಯೂರೋಪಿಗೆ, ಮುಖ್ಯವಾಗಿ ಹಾಲೆಂಡಿಗೆ ಹೋದವು. 1572ರಲ್ಲಿ ಸ್ಪೇನಿನ ಸೈನಿಕರು ರಾತ್ರಿಯಲ್ಲಿ ಆರೆಂಜಿನ ರಾಜಕುಮಾರ ವಿಲಿಯಮ್‌ನ ಶಿಬಿರದ ಮೇಲೆ ಎರಗಿದಾಗ, ಅವನ ಪುಟ್ಟ ನಾಯಿಯೊಂದು ಕೂಗಿ, ಮುಖದ ಮೇಲೆ ಹಾರಿ ಎಬ್ಬಿಸಿ ಪ್ರಾಣ ಉಳಿಸಿತಂತೆ. ಆ ನಾಯಿ ಪಗ್ ಎಂಬುದು ಈ ತಳಿಯ ಅಭಿಮಾನಿಗಳ ಹೆಮ್ಮೆಯ ಮಾತು. 1688–89ರಲ್ಲಿ ಅದೇ ವಂಶದ ಮೂರನೆಯ ವಿಲಿಯಮ್ ತನ್ನ ರಾಣಿ ಮೇರಿಯೊಡನೆ ಇಂಗ್ಲೆಂಡಿನ ಸಿಂಹಾಸನವೇರಿದಾಗ ಪಗ್‌ಗಳೂ ಜೊತೆಗೆ ಬಂದವೆನ್ನುತ್ತಾರೆ. ಮುಂದೆ ಫ್ರಾನ್ಸಿನಲ್ಲಿ ಜೋಸೆಫೀನಳ ಪಗ್ ‘ಫಾರ್ಚುನೆ’, 1796ರಲ್ಲಿ ಮದುವೆಯ ರಾತ್ರಿಯೇ ನೆಪೋಲಿಯನ್ನನ ಕಾಲಿಗೆ ಬಾಯಿ ಹಾಕಿದ ಕಥೆ ಪ್ರಸಿದ್ಧವಾಗಿದೆ. ಯೂರೋಪನ್ನೇ ನಡುಗಿಸಿದವನನ್ನು ಕಚ್ಚುವಷ್ಟು ಉಸಿರು ಆಗಿನ ಪಗ್‌ಗಳಲ್ಲಿತ್ತು!

ಇದು ಬರಿಯ ತಮಾಷೆಯ ಮಾತಲ್ಲ. ಇದಕ್ಕೆ ಚಿತ್ರದ ಸಾಕ್ಷ್ಯವಿದೆ. ವಿಲಿಯಂ ಹೋಗಾರ್ತ್ ಎಂಬ ಆಂಗ್ಲ ಕಲಾವಿದ 1745ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡ. ಪಕ್ಕದಲ್ಲಿ ತನ್ನ ಮುದ್ದಿನ ಪಗ್ ‘ಟ್ರಂಪ್’ನನ್ನೂ ಕೂರಿಸಿದ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಈ ಚಿತ್ರದ ಪ್ರತಿಯನ್ನು ಮಗಳಿಗೆ ತೋರಿಸಿ, ಯಾವ ನಾಯಿ ಹೇಳು ಎಂದೆ. ಅವಳು ಬಹಳ ಹೊತ್ತು ನೋಡಿ, “ಇದು ಪಗ್ ಅಲ್ಲ ಅಪ್ಪ” ಎಂದಳು. ಅವಳ ತಪ್ಪೇನಿಲ್ಲ. ಟ್ರಂಪ್‌ಗೆ ಎದ್ದು ಕಾಣುವ ಮೂತಿಯಿದೆ, ಉದ್ದನೆಯ ಕಾಲುಗಳಿವೆ. ಇಂದಿನ ಪಗ್‌ನ ಮುಖದಲ್ಲಿ ಮೂತಿಯೆಂಬುದನ್ನು ಹುಡುಕಬೇಕು. ಇಷ್ಟು ಬದಲಾವಣೆ ತಂದದ್ದು ಪ್ರಕೃತಿಯಲ್ಲ. ಪ್ರತಿ ಪೀಳಿಗೆಯಲ್ಲೂ ಹೆಚ್ಚು ಚಪ್ಪಟೆ ಮುಖದ ಮರಿಯನ್ನೇ ಆರಿಸಿ, ಅವಕ್ಕೇ ಸಂತಾನ ಬೆಳೆಸಿದ ಮನುಷ್ಯನ ಕೈ.

ಈ ಕೆಲಸ ಬಿರುಸಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಪೀಕಿಂಗಿನ ಬೇಸಿಗೆ ಅರಮನೆಯನ್ನು ಸೂರೆಗೊಂಡ ಮೇಲೆ ಚೀನಾದ ಮೋಟು ಮೂತಿಯ ನಾಯಿಗಳು ಮತ್ತೆ ಇಂಗ್ಲೆಂಡಿಗೆ ಬಂದವು. ವಿಕ್ಟೋರಿಯಾ ರಾಣಿಯೂ ಪಗ್‌ಗಳನ್ನು ಸಾಕಿದ್ದಳು. ರಾಣಿಯ ಮಡಿಲಲ್ಲಿದ್ದದ್ದು ಊರವರ ಮಡಿಲಿಗೂ ಬೇಕಾಯಿತು. ಅದೇ ಕಾಲಕ್ಕೆ ಶ್ವಾನ ಪ್ರದರ್ಶನಗಳು ಆರಂಭವಾದವು. 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್, 1883ರಲ್ಲಿ ಪಗ್ ನಾಯಿಗಳದೇ ಕ್ಲಬ್ ಹುಟ್ಟಿಕೊಂಡಿತು. ಪಗ್ ಹೇಗಿರಬೇಕೆಂಬುದಕ್ಕೆ ಲಿಖಿತ ಲಕ್ಷಣಪತ್ರ ಸಿದ್ಧವಾಯಿತು: ಮೂತಿ ಮೋಟಾಗಿರಬೇಕು, ಸುಕ್ಕು ಆಳವಾಗಿರಬೇಕು, ಕಣ್ಣು ದೊಡ್ಡದಿರಬೇಕು. ತೀರ್ಪುಗಾರರು ಮುಖಕ್ಕೆ ಅಂಕ ಕೊಟ್ಟರು. ಉಸಿರಿಗೆ ಅಂಕ ಕೊಡುವವರು ಯಾರೂ ಇರಲಿಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ನಮೂನೆ ಸರಿಯಾಗಿ ಭರ್ತಿಯಾಗಿತ್ತು. ಅರ್ಜಿದಾರನ ಕಷ್ಟವನ್ನು ಯಾರೂ ಕೇಳಲಿಲ್ಲ.

ಭಾರತದ ಮನೆಮನೆಗೂ ಪಗ್‌ನ ಪರಿಚಯವಾದದ್ದು 2003ರಲ್ಲಿ. ಹಚ್ ದೂರವಾಣಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನೊಬ್ಬ ಹೋದಲ್ಲೆಲ್ಲ ಹಿಂಬಾಲಿಸುತ್ತಿದ್ದ ಆ ನಾಯಿಯನ್ನು ಯಾರು ಮರೆತಾರು? ಆಗ ನಾನು ನೌಕರಿಗೆ ಹೊಸಬ. ಕೊಠಡಿಯ ಗೆಳೆಯರೆಲ್ಲ ಆ ಜಾಹೀರಾತಿಗಾಗಿ ಟಿ.ವಿ. ಮುಂದೆ ಕಾಯುತ್ತಿದ್ದೆವು. ಹಚ್ 2007ರಲ್ಲಿ ವೊಡಾಫೋನ್ ಆಯಿತು, ನಾಯಿ ಮಾತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಹೆಸರು ಗೊತ್ತಿಲ್ಲದವರು ಅದನ್ನು ‘ಹಚ್ ನಾಯಿ’ ಎಂದೇ ಕರೆದರು. ಬೇಡಿಕೆ ಹೆಚ್ಚಿತು, ಬೆಲೆ ಏರಿತು. ಗಲ್ಲಿಗಲ್ಲಿಯಲ್ಲೂ ಮರಿ ಮಾಡಿಸಿ ಮಾರುವವರು ಹುಟ್ಟಿಕೊಂಡರು. ಚೀನಾದ ಅರಮನೆಯ ನಾಯಿ ಹೀಗೆ ದೆಹಲಿಯ 45 ಡಿಗ್ರಿ ಬೇಸಿಗೆಗೆ ಬಂದು ಸೇರಿತು.

ಇಲ್ಲಿ ಸ್ವಲ್ಪ ಪ್ರಾಣಿಶಾಸ್ತ್ರ ಹೇಳಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಮೂಗು ಮತ್ತು ಬಾಯಿಯ ತೇವದ ಮೇಲೆ ಗಾಳಿ ಹಾಯಿಸಿ, ತೇಕುತ್ತ ಅದು ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನಲ್ಲಿ ಮುಖದ ಎಲುಬು ಮೋಟಾಯಿತು, ಆದರೆ ಅದರೊಳಗಿನ ಮಾಂಸಲ ಭಾಗ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಸಂಸಾರದ ಸಾಮಾನು ತುರುಕಿದಂತೆ, ಮೆದು ಅಂಗುಳು ಗಂಟಲಿಗೆ ಅಡ್ಡ ಬರುತ್ತದೆ, ಮೂಗಿನ ಹೊಳ್ಳೆಗಳು ಸೀಳಿನಷ್ಟೇ ಉಳಿಯುತ್ತವೆ. ಮುದ್ದಾಗಿದೆಯೆಂದು ನಾವು ನಗುವ ಆ ಗೊರಗೊರ ಸದ್ದು ಉಸಿರಿಗಾಗಿ ನಡೆಯುವ ಹೆಣಗಾಟ. ಮೈಯ ಕಾವು 41 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಪ್ರಾಣಕ್ಕೇ ಸಂಚಕಾರ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2008ರಲ್ಲಿ, ಬ್ರಿಟನ್ನಿನ ಹತ್ತು ಸಾವಿರ ಪಗ್‌ಗಳ ವಂಶವೈವಿಧ್ಯ ಕೇವಲ ಐವತ್ತು ನಾಯಿಗಳಿಗೆ ಸಮವೆಂದು ತೋರಿಸಿದರು. 2022ರಲ್ಲಿ ರಾಯಲ್ ವೆಟರಿನರಿ ಕಾಲೇಜಿನವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಉಸಿರು ಕಟ್ಟುವ ಈ ತೊಂದರೆ ಪಗ್‌ಗಳಲ್ಲಿ ಇತರ ನಾಯಿಗಳಿಗಿಂತ ಸುಮಾರು 54 ಪಟ್ಟು ಹೆಚ್ಚು. ಪಗ್‌ಗಳನ್ನು ಯೂರೋಪಿನಲ್ಲಿ ಅಕ್ಕರೆಯಿಂದ ಬರಮಾಡಿಕೊಂಡ ಹಾಲೆಂಡಿನಲ್ಲೇ 2014ರ ಕಾನೂನಿನ ಆಧಾರದ ಮೇಲೆ 2019ರಲ್ಲಿ ಬಿಗಿಯಾದ ನಿಯಮ ಬಂತು: ತಲೆಬುರುಡೆಯ ಉದ್ದದ ಮೂರನೆಯ ಒಂದು ಭಾಗದಷ್ಟೂ ಮೂತಿಯಿಲ್ಲದ ನಾಯಿಯಿಂದ ಮರಿ ಮಾಡಿಸುವಂತಿಲ್ಲ. ಕೊಂಡಾಡಿದ ಮುಖವನ್ನು ಕೊನೆಗೆ ಅಳತೆಪಟ್ಟಿ ಹಿಡಿದು ಅಳೆಯುವ ಕಾಲ ಬಂತು.

ಹಾಗಾದರೆ ಪಗ್ ಸಾಕಲೇಬಾರದೆ? ಬೇಡವೆನ್ನುವವರ ಮಾತಿನಲ್ಲಿ ಸತ್ಯವಿದೆ. ಸಾಕಲೇಬೇಕೆನ್ನುವವರು ಈ ಇತಿಹಾಸವನ್ನು ತಿರುಗಿಸಿ ಓದಿ ಮರಿಯನ್ನು ಆರಿಸಬೇಕು. ಮೊದಲು ನೋಡಬೇಕಾದದ್ದು ಮರಿಯನ್ನಲ್ಲ, ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ. ಎಳೆಯ ಮರಿಯಲ್ಲಿ ಉಸಿರಿನ ತೊಂದರೆ ಇನ್ನೂ ಕಾಣದಿರಬಹುದು, ಬೆಳೆದಂತೆ ಹೊರಬೀಳುತ್ತದೆ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಕೆನೆಲ್ ಕ್ಲಬ್ 2019ರಿಂದ ನಡೆಸುತ್ತಿರುವ ಪರೀಕ್ಷೆಯಲ್ಲಿ, ದೊಡ್ಡ ನಾಯಿಯನ್ನು ಮೂರು ನಿಮಿಷ ಚುರುಕಾಗಿ ಓಡಾಡಿಸಿ, ಮೊದಲೂ ಆಮೇಲೂ ಉಸಿರನ್ನು ಆಲಿಸುತ್ತಾರೆ. ವೈದ್ಯರ ಕೊಳವೆಯಿಲ್ಲದಿದ್ದರೂ ನಮಗೆ ಕಿವಿಯಿದೆ. ತಂಪು ಹೊತ್ತಿನಲ್ಲಿ ತಾಯಿ ನಾಯಿ ಮೂರು ನಿಮಿಷ ಓಡಾಡಿದ ಮೇಲೆ ಕೊಠಡಿಯಾಚೆಗೂ ಗೊರಕೆ ಕೇಳಿಸಿದರೆ, ಮರಿ ಎಷ್ಟೇ ಮುದ್ದಾಗಿರಲಿ, ಕೈಮುಗಿದು ಬನ್ನಿ.

ಮರಿಯಲ್ಲಿ ಮೂಗಿನ ಹೊಳ್ಳೆಗಳು ಗುಂಡಗೆ ತೆರೆದಿರಬೇಕು. ಕಣ್ಣು ಹೊಳೆಯುತ್ತಿರಬೇಕು, ನೀರು, ಪಿಸುರು, ಬಿಳಿ ಪೊರೆ ಇರಬಾರದು. ಮೂಗಿನ ಮೇಲಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ, ಕೆಂಪೂ ದುರ್ವಾಸನೆಯೂ ಇರಕೂಡದು. ನಡೆಯುವಾಗ ಹಿಂಗಾಲು ಕುಂಟಬಾರದು, ಎಳೆಯಬಾರದು. ನಮ್ಮ ದೇಶದ 2017ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ಕಾಗದವನ್ನೂ ಲಸಿಕೆಯ ಚೀಟಿಯನ್ನೂ ಕೇಳಲು ಸಂಕೋಚ ಬೇಡ. ಕಾಗದ ಕೇಳುವುದರಲ್ಲಿ ನಾವು ಗುಮಾಸ್ತರು ಯಾರಿಗೂ ಕಡಿಮೆಯಿಲ್ಲ.

ನಾವು ಮೊದಲು ಹೋದ ಮನೆಯಲ್ಲಿ ಮರಿಗಳು ಬೊಂಬೆಗಳಂತಿದ್ದವು. ತಾಯಿಯನ್ನು ತೋರಿಸಿ ಎಂದೆ. ಬಹಳ ಹೇಳಿದ ಮೇಲೆ ಒಳಗಿನಿಂದ ತಂದರು. ಅದು ಕುಳಿತಲ್ಲೇ, ಎಚ್ಚರವಿದ್ದೇ ಗೊರಕೆ ಹೊಡೆಯುತ್ತಿತ್ತು. ಮಗಳು ನನ್ನ ತೋಳು ಹಿಡಿದು ಮೆಲ್ಲಗೆ, “ಬೇಡ ಅಪ್ಪ, ಹೋಗೋಣ” ಎಂದಳು. ಅವಳ ಕಿವಿಯಲ್ಲಿ ಕೆಳಮನೆಯ ನಾಯಿಯ ಉಸಿರು ಇನ್ನೂ ಇತ್ತು.

ಎರಡು ತಿಂಗಳು ಹುಡುಕಿದ ಮೇಲೆ, ಚಳಿ ಬೀಳುವ ಹೊತ್ತಿಗೆ ಇನ್ನೊಂದು ಮನೆಗೆ ಹೋದೆವು. ಅಲ್ಲಿ ತಾಯಿ ನಾಯಿ ಮೆಟ್ಟಿಲಿಳಿದು ಬಂದು ನಮ್ಮನ್ನು ಮೂಸಿ, ಮತ್ತೆ ಮೆಟ್ಟಿಲೇರಿತು, ಉಸಿರಿನ ಸದ್ದಿಲ್ಲ. ನಾಲ್ಕು ಮರಿಗಳಲ್ಲಿ ಒಂದಕ್ಕೆ ಮೂತಿ ತುಸು ಮುಂದೆ ಬಂದಿತ್ತು. ಇದರ ಮುಖ ಸರಿಯಿಲ್ಲ, ಪ್ರದರ್ಶನಕ್ಕೆ ನಡೆಯುವುದಿಲ್ಲ, ಬೇಕಾದರೆ ಕಡಿಮೆ ಬೆಲೆಗೆ ಕೊಡುತ್ತೇನೆ ಎಂದರು ಮನೆಯವರು. ನಾನು ಮಗಳ ಕಡೆ ನೋಡಿದೆ. ಅವಳಾಗಲೇ ಅದನ್ನು ಎತ್ತಿಕೊಂಡಿದ್ದಳು.

ಮೈಬಣ್ಣ ಗೋಧಿಯದಾದರೂ ಅದಕ್ಕೆ ಕಾಳಿ ಎಂದೇ ಹೆಸರಿಟ್ಟಿದ್ದೇವೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೇ ಅದರ ಓಡಾಟ ಮುಗಿಯಬೇಕು, ಮೈಗೆ ಬೊಜ್ಜು ಬರಬಾರದು ಎಂಬುದು ಮನೆಯ ಕಟ್ಟಪ್ಪಣೆ. ರಾತ್ರಿ ಮನೆಯೆಲ್ಲ ನಿಶ್ಶಬ್ದವಾದಾಗ ನಾನೊಮ್ಮೆ ಎದ್ದು ಅದರ ಬಳಿ ನಿಂತು ಕೇಳುತ್ತೇನೆ. ಸದ್ದೇನೂ ಕೇಳಿಸದಿದ್ದರೆ ನೆಮ್ಮದಿಯಿಂದ ಹೋಗಿ ಮಲಗುತ್ತೇನೆ.