ಎರಡು ತಿಂಗಳಿಂದ ಎರಡು ವರ್ಷಕ್ಕೆ: ಶ್ರೀವಾದಿರಾಜರ ಪರ್ಯಾಯ ವ್ಯವಸ್ಥೆ

ಉಡುಪಿಯೆಂದೊಡನೆ ಆಸ್ತಿಕರ ಮನದಲ್ಲಿ ಮೊದಲು ಮೂಡುವುದು ಕಡಗೋಲು ಹಿಡಿದು ನಿಂತ ಬಾಲಕೃಷ್ಣನ ಮೂರ್ತಿ. ಅನಂತರ ಎರಡು ವರ್ಷಕ್ಕೊಮ್ಮೆ ಜರುಗುವ ಪರ್ಯಾಯ ಮಹೋತ್ಸವ. ಶ್ರೀಮದಾನಂದತೀರ್ಥ ಭಗವತ್ಪಾದರು ಹದಿಮೂರನೆಯ ಶತಮಾನದಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜಾಧಿಕಾರವನ್ನು ಎಂಟು ಮಂದಿ ಯತಿಶಿಷ್ಯರಿಗೆ ವಹಿಸಿದರು. ಆ ಪರಂಪರೆಗಳೇ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು ಮತ್ತು ಪೇಜಾವರ ಮಠಗಳು. ಆದಿಯಲ್ಲಿ ಪ್ರತಿಯೊಂದು ಮಠಕ್ಕೂ ಎರಡೆರಡು ತಿಂಗಳ ಸರದಿಯಿತ್ತು. ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿದವರು ಸೋದೆ ಮಠದ ಶ್ರೀವಾದಿರಾಜತೀರ್ಥ ಶ್ರೀಪಾದರು. ಈ ನೂತನ ಕ್ರಮವು 1522ರಲ್ಲಿ ಪಲಿಮಾರು ಮಠದಿಂದ ಆರಂಭವಾಯಿತು.

ಲೆಕ್ಕ ಹಾಕಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳೆಯ ಕ್ರಮದಲ್ಲಿ 16 ತಿಂಗಳಿಗೊಮ್ಮೆ ಸರದಿ. ಹದಿನಾರು ವರ್ಷಗಳಲ್ಲಿ ಹನ್ನೆರಡು ಸರದಿ, ಒಟ್ಟು 24 ತಿಂಗಳ ಪೂಜೆ. ಹೊಸ ಕ್ರಮದಲ್ಲಿಯೂ ಹದಿನಾರು ವರ್ಷಗಳಿಗೆ ಅದೇ ಎರಡು ವರ್ಷ. ಯಾವ ಮಠದ ಪಾಲೂ ಕಡಿಮೆಯಾಗಲಿಲ್ಲ, ಹೆಚ್ಚಲೂ ಇಲ್ಲ. ಚದುರಿಹೋಗಿದ್ದ ಸೇವೆಯು ಒಂದೆಡೆ ಕೂಡಿತು, ಅಷ್ಟೆ.

ಆದರೆ ಅದರ ಪರಿಣಾಮ ದೊಡ್ಡದು. ಎರಡು ಸರದಿಗಳ ನಡುವೆ ದೊರೆಯುತ್ತಿದ್ದುದು ಹದಿನಾಲ್ಕು ತಿಂಗಳು ಮಾತ್ರ. ಕಾಲ್ನಡಿಗೆಯ ಆ ದಿನಗಳಲ್ಲಿ, ಚಾತುರ್ಮಾಸ್ಯದಲ್ಲಿ ಒಂದೇ ಸ್ಥಳದಲ್ಲಿ ನಿಲ್ಲಬೇಕಾದ ಯತಿಗಳು ದೂರದ ಕ್ಷೇತ್ರಗಳಿಗೆ ಹೋಗಿ ಮರಳುವುದು ಸುಲಭವಾಗಿರಲಿಲ್ಲ. ಅವಧಿ ಹದಿನಾಲ್ಕು ವರ್ಷಗಳಾದಾಗ ಸಂಚಾರ, ಪಾಠ, ಗ್ರಂಥರಚನೆಗಳಿಗೆ ಅವಕಾಶ ತೆರೆಯಿತು. ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನು ಸ್ತುತಿಸುವ ‘ತೀರ್ಥಪ್ರಬಂಧ’ವನ್ನು ರಚಿಸಿದ ಶ್ರೀವಾದಿರಾಜರಿಗೆ ಸಂಚಾರದ ಬೆಲೆ ಚೆನ್ನಾಗಿ ತಿಳಿದಿತ್ತು.

ಈ ಲಾಭಕ್ಕೆ ಒಂದು ತ್ಯಾಗವೂ ಬೇಕಾಯಿತು. ಹದಿನಾರು ತಿಂಗಳಿಗೊಮ್ಮೆ ಕೈಗೂಡುತ್ತಿದ್ದ ಪರ್ಯಾಯಪೂಜೆಯ ಭಾಗ್ಯಕ್ಕಾಗಿ ಯತಿಯು ಇನ್ನು ವರ್ಷಗಟ್ಟಲೆ ಕಾಯಬೇಕು. ಅಲ್ಪಾಯುಷಿಯಾದವರಿಗೆ ಆ ಸರದಿ ಬಾರದೆಯೂ ಹೋಗಬಹುದು. ಭಕ್ತನಿಗೆ ಇದಕ್ಕಿಂತ ಕಠಿಣವಾದುದು ಮತ್ತೇನಿದೆ? ಈ ಕಾಯುವಿಕೆಯಿಂದ ಶ್ರೀವಾದಿರಾಜರು ತಮ್ಮನ್ನು ಹೊರಗಿಟ್ಟುಕೊಳ್ಳಲಿಲ್ಲ. ಸರದಿಯಲ್ಲಿ ಸೋದೆ ಮಠ ಆರನೆಯದು. ತಾವೇ ರೂಪಿಸಿದ ಕ್ರಮದಲ್ಲಿ ಅವರ ಪರ್ಯಾಯ ಬಂದದ್ದು ಹತ್ತು ವರ್ಷಗಳ ಅನಂತರ, 1532ರಲ್ಲಿ. ನಾಲ್ಕು ಪರ್ಯಾಯಗಳನ್ನು ಸ್ವತಃ ನಡೆಸಿದ ಅವರು, ಐದನೆಯದು ಒದಗಿದಾಗ ಅದನ್ನು ಶಿಷ್ಯರಾದ ಶ್ರೀವೇದವೇದ್ಯತೀರ್ಥರಿಗೆ ಒಪ್ಪಿಸಿ ತಾವು ಸೋದೆಯಲ್ಲಿ ಉಳಿದರೆಂದು ಸಂಪ್ರದಾಯ ಹೇಳುತ್ತದೆ. ಅವರಿಗೆ ಮುಖ್ಯವಾದುದು ಪೂಜೆ ನಿರಂತರವಾಗಿ ನಡೆಯುವುದು. ಯಾರ ಕೈಯಿಂದ ನಡೆಯಿತೆಂಬುದಲ್ಲ.

ಇಂದಿಗೂ ಪರ್ಯಾಯದ ಸಿದ್ಧತೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳೊಂದಿಗೆ ಬಹಳ ಮೊದಲೇ ಆರಂಭವಾಗುತ್ತದೆ. ಅವಧಿ ಮುಗಿದ ಯತಿಗಳು ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈಗಳನ್ನು ಮುಂದಿನವರಿಗೆ ಒಪ್ಪಿಸುತ್ತಾರೆ. 2018ರಲ್ಲಿ ಪಲಿಮಾರು ಮಠದಿಂದ ಈ ಕ್ರಮದ 32ನೆಯ ಆವರ್ತ ಮೊದಲಾಯಿತು. ಐದು ಶತಮಾನಗಳು ಕಳೆದರೂ ಏರ್ಪಾಡು ಸಡಿಲಗೊಂಡಿಲ್ಲ.

ಪರ್ಯಾಯದ ಹೊಣೆಯಿಲ್ಲದ ಆ ಹದಿನಾಲ್ಕು ವರ್ಷಗಳಲ್ಲಿಯೇ ಯತಿಗಳು ದೂರದೂರದ ನಗರಗಳ ಶಿಷ್ಯರ ಮನೆಬಾಗಿಲಿಗೆ ಸಂಸ್ಥಾನಪೂಜೆಯನ್ನೂ ಪಾಠಪ್ರವಚನಗಳನ್ನೂ ತರುತ್ತಾರೆ. ಉಡುಪಿಯಿಂದ ದೂರವಿರುವ ಗೃಹಸ್ಥರಿಗೆ ದೊರೆತ ಈ ಭಾಗ್ಯದ ಹಿಂದೆ ಶ್ರೀವಾದಿರಾಜರ ದೂರದೃಷ್ಟಿಯಿದೆ. ಕೀಲಿಕೈಯನ್ನು ಒಪ್ಪಿಸಿ ಮತ್ತೆ ಕಾಯಲು ಸಿದ್ಧರಾದ ಅನೇಕ ಯತಿಗಳ ತ್ಯಾಗವೂ ಇದೆ.

॥ ಶ್ರೀಕೃಷ್ಣಾರ್ಪಣಮಸ್ತು ॥