‘ಅರಳು ಮರಳು’ ಮತ್ತು ರಕ್ತನಾಳ

‘ಅರವತ್ತಕ್ಕೆ ಅರಳು ಮರಳು’ ಎಂಬುದು ಹಳೆಯ ಗಾದೆ. ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರಿನಲ್ಲಿ ಹಿರಿಯರೊಬ್ಬರು ದಿನವೂ ನಡೆದ ಹೊಲದ ದಾರಿಯನ್ನು ಮರೆತರೆ, ಮನೆಮಂದಿ ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ಮರೆವು ವಯಸ್ಸಿನ ಗುಣ, ಅದಕ್ಕೆ ಮದ್ದಿಲ್ಲ ಎಂಬುದು ಗಾದೆಯ ತಿರುಳು. ಇದು ಪೂರ್ತಿ ನಿಜವಲ್ಲ ಎಂದು ಅರಿಯಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ 2 ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಅದನ್ನು ಒಯ್ಯುವುದು ರಕ್ತ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ–ಸಿಗರೇಟುಗಳಿಂದ ಮಿದುಳಿನ ಆಳದ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗುತ್ತದೆ. ಆಗ ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಬಿಳಿಯ ನರತಂತುಗಳು ಸೊರಗುತ್ತವೆ. ನಡಿಗೆ ನಿಧಾನವಾಗುತ್ತದೆ, ಯೋಚನೆ ತಡವರಿಸುತ್ತದೆ. ಲಕ್ವ ಹೊಡೆಯದೆಯೂ ಹೀಗಾಗಬಹುದು.

ಬಿಳಿಯ ಭಾಗದ ಈ ಸವೆತವನ್ನು 1894ರಲ್ಲಿ ವಿವರಿಸಿದವರು ಜರ್ಮನಿಯಲ್ಲಿದ್ದ ವೈದ್ಯ ಆಟೊ ಬಿನ್ಸ್‌ವಾಂಗರ್. ಮುಂದೆ ಹಲವು ದಶಕಗಳ ಕಾಲ ಮುಪ್ಪಿನ ಮರೆವಿಗೆಲ್ಲ ರಕ್ತನಾಳ ಗಡುಸಾಗುವುದೇ ಕಾರಣವೆಂದು ವೈದ್ಯರು ನಂಬಿದರು. 1960ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಅನೇಕರ ಮಿದುಳಿನಲ್ಲಿ ಆಲ್ಜೈಮರ್ ಕಾಯಿಲೆಯ ಗುರುತುಗಳನ್ನು ಕಂಡರು. ಆಗ ರಕ್ತನಾಳದ ಮಾತು ಹಿಂದೆ ಸರಿಯಿತು. 1970ರ ದಶಕದಿಂದ ಬಂದ ಸ್ಕ್ಯಾನಿಂಗ್ ಯಂತ್ರಗಳು ಬದುಕಿರುವವರ ಮಿದುಳನ್ನೇ ತೋರಿಸತೊಡಗಿದಾಗ, ಬಿಳಿಯ ಭಾಗದ ಮಚ್ಚೆಗಳು ಮತ್ತೆ ಕಣ್ಣಿಗೆ ಬಿದ್ದವು. ಮಚ್ಚೆ ಇದ್ದವರಿಗೆಲ್ಲ ಮರೆವಿನ ಕಾಯಿಲೆ ಬರುತ್ತದೆಂದಲ್ಲ. ಆದರೆ ಅಪಾಯ ಹೆಚ್ಚು. ಎಷ್ಟೋ ಹಿರಿಯರಲ್ಲಿ ಆಲ್ಜೈಮರ್ ಮತ್ತು ರಕ್ತನಾಳದ ದೋಷ ಎರಡೂ ಒಟ್ಟಿಗೆ ಇರುತ್ತವೆ.

ಈ ತಿಳಿವಳಿಕೆಯ ಬಹುಪಾಲು ಪಶ್ಚಿಮದ ಊರುಗಳಿಂದ ಬಂದದ್ದು. ನಮ್ಮ ಹಳ್ಳಿಗಳ ಊಟ, ದುಡಿಮೆ, ಓದು ಬೇರೆ. ಅದಕ್ಕಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ದೀರ್ಘಕಾಲದ ಅಧ್ಯಯನ ಆರಂಭಿಸಿತು. 45 ದಾಟಿದ 10 ಸಾವಿರ ಹಳ್ಳಿಗರನ್ನು ಒಳಗೊಳ್ಳುವುದು ಅದರ ಗುರಿ. ರಕ್ತದೊತ್ತಡ, ಸಕ್ಕರೆ, ನೆನಪಿನ ಶಕ್ತಿಗಳ ಪರೀಕ್ಷೆಯ ಜೊತೆಗೆ ಮಿದುಳಿನ ಎಂಆರ್‌ಐ ಚಿತ್ರವನ್ನೂ ತೆಗೆಯಲಾಗುತ್ತದೆ.

ರಕ್ತದೊತ್ತಡವನ್ನು ಹೆಚ್ಚು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಬಿಳಿಯ ಮಚ್ಚೆಗಳ ಬೆಳವಣಿಗೆ ನಿಧಾನವಾಗುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಸವೆದ ನರತಂತು ಮರಳಿ ಬರುವುದು ಕಷ್ಟ. ಸವೆತವನ್ನು ತಡೆಯುವುದು ಸಾಧ್ಯ. ಅದಕ್ಕೆ ಮೊದಲು ಬೇಕಾದದ್ದು ದೊಡ್ಡ ಯಂತ್ರವಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಸುತ್ತುವ ಬಿ.ಪಿ. ಪಟ್ಟಿ. ಅದನ್ನು ಸುತ್ತಿಸಿಕೊಳ್ಳಲು ಅರವತ್ತರವರೆಗೆ ಕಾಯಬೇಕಿಲ್ಲ. ನಲವತ್ತರಲ್ಲೇ ಆರಂಭಿಸುವುದು ಒಳ್ಳೆಯದು.